ತೆಗೆದಿಟ್ಟ ನಟ್ಟುಗಳು

ವಾಹನ ತಪಾಸಣೆಯವನು ಕಾರನ್ನು ಫೇಲು ಮಾಡಿ ಕಳಿಸಿದ ದಿನ ಮನೆಯಲ್ಲಿ ಬಿಳಿ ಬೀನ್ಸ್ ಕಾಳಿನ ಸಾರು. ಡೋನ್ಕಾ ಐದು ಬಟ್ಟಲಿಗೆ ಬಡಿಸಿ, ಬ್ರೆಡ್ಡನ್ನು ಎದೆಗೆ ಒತ್ತಿಕೊಂಡು ಕೊಯ್ಯುತ್ತಿದ್ದಳು. ಅದು ನಿನ್ನೆಯ ಬ್ರೆಡ್ಡು. ಇವತ್ತು ತಂದದ್ದು ಡಬ್ಬಿಯೊಳಗಿತ್ತು. ನಿನ್ನೆಯದು ಮುಗಿಯದೆ ಇವತ್ತಿನದನ್ನು ಮುಟ್ಟುವ ರೂಢಿ ಆ ಮನೆಯಲ್ಲಿ ಇರಲಿಲ್ಲ. ಹೀಗಾಗಿ ದಿನಾ ಹೊಸ ಬ್ರೆಡ್ಡು ಕೊಂಡರೂ ದಿನಾ ತಿನ್ನುತ್ತಿದ್ದದ್ದು ಹಳೆಯದನ್ನೇ.

"ಎಷ್ಟು ದಿನ ಟೈಮ್ ಕೊಟ್ಟಿದಾನೆ?" ಸೊಸೆ ವಿಹ್ರಾ ಕೇಳಿದಳು.

"ಎರಡು ವಾರ," ಎಂದ ಅವಳ ಗಂಡ ಕ್ರಾಸಿ. "ಮುಂದಿನ ಬಲಚಕ್ರವನ್ನ ಹಿಡಿದಿರೋ ಕೀಲು, ಬಾಲ್ ಜಾಯಿಂಟ್, ಸವೆದಿದೆಯಂತೆ. ಅದನ್ನ ಬದಲಾಯಿಸಿ ತಂದ್ರೆ ಪಾಸ್ ಮಾಡ್ತೀನಿ ಅಂದ."

"ಗ್ಯಾರೇಜಿಗೆ ಹಾಕು."

"ಯಾವ ಗ್ಯಾರೇಜಿಗೆ? ಹೋದ ವರ್ಷ ಹಳೇ ಬ್ರೇಕಿಗೆ ಬಣ್ಣ ಬಳಿದು ಹೊಸದು ಅಂತ ಕೊಟ್ನಲ್ಲ, ಅವನ ಹತ್ರನಾ?"

ವಿಹ್ರಾ ಸಾರು ಕುಡಿದಳು. ಅವಳು ವ್ರಾತ್ಸಾ ಪಟ್ಟಣದ ಒಂದು ಹೊಲಿಗೆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಳು. ಹಳ್ಳಿಯಿಂದ ಬೆಳಗಿನ ಬಸ್ಸು ನಿಂತುಹೋಗಿತ್ತು. ಉಳಿದಿದ್ದ ಒಂದು ಬಸ್ಸು ಪಟ್ಟಣ ಸೇರುವಷ್ಟರಲ್ಲಿ ಕಾರ್ಖಾನೆಯ ಗೇಟು ಮುಚ್ಚಿರುತ್ತಿತ್ತು. ಜರ್ಮನಿಯಿಂದ ಬಂದ ಹಳೆಯ ಬೂದು ಕಾರೇ ಗತಿ. ಮಗಳು ರಾಡಾಳನ್ನು ಶಾಲೆಗೆ ಬಿಡುವುದೂ ಅದರಲ್ಲೇ, ಪಕ್ಕದ ಬೀದಿಯ ಬಿಸೆರ್ಕಾ ಕೆಲಸಕ್ಕೆ ಬರುವುದೂ ಅದರಲ್ಲೇ. ಕ್ರಾಸಿ ದುಡಿಯುತ್ತಿದ್ದ ಮರದ ಮಿಲ್ಲು ಬಾಗಿಲು ಹಾಕಿ ಎರಡು ಚಳಿಗಾಲ ಕಳೆದಿದ್ದವು. ಮನೆಗೆ ಬರುತ್ತಿದ್ದ ಸಂಬಳವೆಂದರೆ ವಿಹ್ರಾಳದೊಂದೇ.

"ಬಾಲ್ ಜಾಯಿಂಟ್ ಏನು ಮಹಾ?" ಎಂದ ಕ್ರಾಸಿಯ ಅಪ್ಪ ಸ್ಪಾಸ್. ಯಂತ್ರ ತಯಾರಿಸುವ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಫಿಟ್ಟರ್ ಆಗಿದ್ದವನು. ಆ ಕಾರ್ಖಾನೆಯ ಮಾಡಿನ ಮೇಲೆ ಈಗ ಗಿಡ ಬೆಳೆದಿವೆ. "ಒಂದು ಸುತ್ತಿಗೆ, ಎರಡು ಪಾನಾ. ಮಧ್ಯಾಹ್ನದೊಳಗೆ ಮುಗಿಯೋ ಕೆಲಸ."

"ನಾನೇ ಮಾಡ್ತೀನಿ ಅಪ್ಪ. ಆದ್ರೆ ಪುಸ್ತಕ ಇಟ್ಕೊಂಡು ಮಾಡ್ತೀನಿ."

"ಯಾವ ಪುಸ್ತಕ?"

"ಕಾರು ಮಾಡಿದೋರು ಅವರ ಮೆಕ್ಯಾನಿಕ್‌ಗಳಿಗೆ ಅಂತ ಬರೆದಿರೋದು."

ಸ್ಪಾಸ್ ಚಮಚ ಕೆಳಗಿಟ್ಟು ನಕ್ಕ. "ಕೇಳಿದ್ಯೇನೇ ಡೋನ್ಕಾ? ನಿನ್ನ ಮಗ ಪುಸ್ತಕ ನೋಡ್ಕೊಂಡು ಷರಟಿನ ಗುಂಡಿ ಹಾಕ್ಕೊಳ್ತಾನಂತೆ."

*

ಪುಸ್ತಕ ಸುಲಭಕ್ಕೆ ಸಿಗಲಿಲ್ಲ. ಕಾರಿನ ಜೊತೆ ಬಂದಿದ್ದ ಚಿಕ್ಕ ಪುಸ್ತಕದಲ್ಲಿ ರೇಡಿಯೋ ಹಾಕುವುದು ಹೇಗೆಂದು ನಾಲ್ಕು ಪುಟವಿತ್ತು. ಮಿಕ್ಕ ಎಲ್ಲದಕ್ಕೂ ಅಧಿಕೃತ ಗ್ಯಾರೇಜಿಗೆ ಹೋಗಿ ಎಂದು ಬರೆದಿತ್ತು. ಅಸಲಿ ದುರಸ್ತಿ ಕೈಪಿಡಿ ಬೇರೆ. ವರ್ಷಕ್ಕೊಂದು, ಎಂಜಿನ್ನಿಗೊಂದು, ಚಕ್ರಕ್ಕೆ ಬೇರೆ, ಬ್ರೇಕಿಗೆ ಬೇರೆ. ಕ್ರಾಸಿ ಊಟವಾದ ಮೇಲೆ ರಾಡಾಳ ಹಳೇ ಲ್ಯಾಪ್‌ಟಾಪಿನ ಮುಂದೆ ಕೂರುತ್ತಿದ್ದ. ಕಾರಿನ ಹುಚ್ಚಿರುವವರೆಲ್ಲ ಸೇರುವ ಜಾಲತಾಣದಲ್ಲಿ ಎಲ್ಲರ ಹತ್ತಿರವೂ ಅದು ಇತ್ತು, ಯಾರೂ ಕೊಡುತ್ತಿರಲಿಲ್ಲ. ಕೇಳಿದರೆ ಬೈಯುತ್ತಿದ್ದರು. "ಮೊದಲು ಚಾಸಿ ನಂಬರ್ ಬರಿ, ಆಮೇಲೆ ಭಿಕ್ಷೆ ಬೇಡು" ಎಂದು ಒಬ್ಬ ಬರೆದ.

ಮೊದಲು ಸಿಕ್ಕಿದ್ದು ತಪ್ಪು ಕೈಪಿಡಿ. ಅದೇ ಕಾರು, ಅದೇ ಬಾಗಿಲು, ಆದರೆ ಎರಡು ವರ್ಷ ಹಿಂದಿನದು. ಕಾಗದ ಹಿಡಿದು ಕಾರಿನಡಿ ಮಲಗಿದಾಗಲೇ ಕ್ರಾಸಿಗೆ ಅದು ಗೊತ್ತಾದದ್ದು. ಚಿತ್ರದಲ್ಲಿ ಜಾಯಿಂಟನ್ನು ಒಂದು ಬೋಲ್ಟು ಹಿಡಿದಿತ್ತು, ಇವರ ಕಾರಿನಲ್ಲಿ ಮೂರು ಹಿಡಿದಿದ್ದವು.

ಕೊನೆಗೆ ಸ್ತಾರಾ ಝಗೋರಾ ಎಂಬ ಊರಿನ ಒಬ್ಬ, ನಿನ್ನ ಚಾಸಿ ನಂಬರಿಗೆ ಸರಿಹೊಂದುವುದು ನನ್ನ ಹತ್ತಿರ ಇದೆ, ಜರ್ಮನ್ ಭಾಷೆಯಲ್ಲಿದೆ, ದುಡ್ಡು ಬೇಡ, ನಿಮ್ಮ ಕಡೆ ಮನೆಯಲ್ಲಿ ಭಟ್ಟಿ ಇಳಿಸುವ ರಕಿಯಾ ಯಾವ ಹಣ್ಣಿನದು ಎಂದು ಕೇಳಿದ. ಪ್ಲಮ್ಮಿನದು ಎಂದು ಕ್ರಾಸಿ ಬರೆದ. ಎರಡು ಲೀಟರಿನ ಬಾಟಲಿ ಬಸ್ ಡ್ರೈವರನ ಕಾಲಡಿ ಕೂತು ಹೋಯಿತು. ಅದು ತಲುಪಿದ ಸಂಜೆಯೇ ಕೈಪಿಡಿ ಬಂತು.

"ಹಳೇ ಪೀಪಾಯಿಗೆ ಕೈ ಹಾಕಿಲ್ಲ ತಾನೆ?" ಸ್ಪಾಸ್ ಕೇಳಿದ. ಆ ಪೀಪಾಯಿ ರಾಡಾಳ ಮದುವೆಗೆಂದು ತೆಗೆದಿಟ್ಟದ್ದು.

"ಇಲ್ಲಪ್ಪ. ಹೋದ ವರ್ಷದ್ದು ಕೊಟ್ಟೆ."

"ರಕಿಯಾ ಕೊಟ್ಟು ಕಾಗದ ತಂದ. ನಮ್ಮ ವಂಶದಲ್ಲಿ ಇಷ್ಟು ದುಬಾರಿ ಕಾಗದ ಯಾರೂ ಕೊಂಡಿರಲಿಲ್ಲ ಬಿಡು."

ರಾಡಾ ಭಾಷಾ ಶಾಲೆಯಲ್ಲಿ ಜರ್ಮನ್ ಕಲಿಯುತ್ತಿದ್ದಳು. ಊಟದ ಮೇಜನ್ನು ಒರೆಸಿ, ಶಾಲೆಯಲ್ಲಿ ಪ್ರಿಂಟ್ ಮಾಡಿಸಿ ತಂದ ಪುಟಗಳನ್ನು ಹರಡಿ, ಒಂದೊಂದೇ ಸಾಲು ಬಿಡಿಸಿ ಹೇಳಿದಳು. ಕ್ರಾಸಿ ಪೆನ್ಸಿಲ್ಲಿನಲ್ಲಿ ಪಕ್ಕಕ್ಕೆ ಬರೆದುಕೊಂಡ.

"ಇಲ್ಲೊಂದು ಗುರುತಿದೆ ಅಪ್ಪ. 'ತಪ್ಪದೆ ಬದಲಾಯಿಸಬೇಕು' ಅಂತ."

"ಜಾಯಿಂಟ್ ಬದಲಾಯಿಸ್ತಾ ಇದೀವಲ್ಲ?"

"ಜಾಯಿಂಟ್ ಅಲ್ಲ, ಅದರ ಮೂರು ನಟ್ಟು. ಒಂದ್ಸಲ ಬಿಚ್ಚಿದ್ದನ್ನ ಮತ್ತೆ ಹಾಕಬಾರದಂತೆ."

ಮೂಲೆಯಲ್ಲಿ ಒಲೆಗೆ ಸೌದೆ ತುರುಕುತ್ತಿದ್ದ ಸ್ಪಾಸ್ ತಿರುಗಿದ. "ಏನಂದೆ?"

"ನಟ್ಟಿನ ಒಳಗೆ ನೈಲಾನ್ ಬಳೆ ಇರುತ್ತೆ ತಾತ. ಅದು ಬೋಲ್ಟನ್ನ ಕಚ್ಕೊಂಡಿರುತ್ತೆ. ಬಿಚ್ಚಿದ ಮೇಲೆ ಮತ್ತೆ ಕಚ್ಚಲ್ಲ, ಅಲ್ಲಾಡಿ ಅಲ್ಲಾಡಿ ಸಡಿಲ ಆಗುತ್ತೆ. ಹೊಸ ನಟ್ಟು ಕೈಬೆರಳಲ್ಲಿ ಕೊನೇವರೆಗೂ ತಿರುಗೋದೇ ಇಲ್ಲ, ಪಾನಾ ಬೇಕು ಅಂತ ಬರೆದಿದೆ. ಕೈಯಲ್ಲೇ ತಿರುಗಿದ್ರೆ ಅದನ್ನ ಎಸೀರಿ ಅಂತ."

"ಎಸೀರಿ! ಅವನಿಗೇನು, ನಟ್ಟು ಮಾರೋನು ಹಾಗೇ ಬರೀತಾನೆ. ಉಕ್ಕು ಕಣೇ ಅದು. ಬೆಂಕಿಕಡ್ಡಿಯಲ್ಲ, ಒಂದ್ಸಲ ಗೀಚಿ ಎಸೆಯೋಕೆ."

"ಮಾವ," ಎಂದಳು ವಿಹ್ರಾ, ಬಟ್ಟೆ ಮಡಚುತ್ತ, "ಆ ಕಾರಲ್ಲಿ ಕೂರೋದು ನಾನು ಮತ್ತೆ ಇವಳು. ಪುಸ್ತಕದಲ್ಲಿ ಇದ್ದ ಹಾಗೇ ಆಗಲಿ."

ಕ್ರಾಸಿ ರಾಜಧಾನಿ ಸೋಫಿಯಾದಿಂದ ಮೂರು ನಟ್ಟು ತರಿಸಿದ. ಅಂಟಿಸಿದ ಪಾರದರ್ಶಕ ಪ್ಯಾಕೆಟ್ಟಿನಲ್ಲಿ ಬಂದವು, ಹೊಂಬಣ್ಣದವು, ಒಳಗೆ ನೀಲಿ ಬಳೆ.

*

ಶನಿವಾರ ಬೆಳಿಗ್ಗೆ ಕಾರನ್ನು ಹಿತ್ತಲಿನ ಶೆಡ್ಡಿಗೆ ತಂದು ಜಾಕಿ ಕೊಟ್ಟರು. ಶೆಡ್ಡಿನ ಗೋಡೆಯುದ್ದಕ್ಕೂ ಗಾಜಿನ ಜಾಡಿಗಳಿದ್ದವು. ಕಾರ್ಖಾನೆ ಮುಚ್ಚಿದ ವರ್ಷದಿಂದ ಸ್ಪಾಸ್ ಬಿಚ್ಚಿದ ಪ್ರತಿಯೊಂದು ಮೊಳೆ, ಸ್ಕ್ರೂ, ವಾಷರ್ ಅವುಗಳಲ್ಲಿತ್ತು. ಅವನು ಪೆಟ್ಟಿಗೆಯೊಂದರ ಮೇಲೆ ಕೂತು ಮಗನ ಕೆಲಸ ನೋಡಿದ. ತುಕ್ಕು ಹಿಡಿದ ಜಾಯಿಂಟು ಬಿಡಿಸಿಕೊಳ್ಳಲು ಬೆಳಗೆಲ್ಲ ಹಿಡಿಯಿತು. ಕ್ರಾಸಿ ಹೊಸ ಜಾಯಿಂಟನ್ನು ಕೂರಿಸಿ, ಮೂರು ಬೋಲ್ಟು ತೂರಿಸುವಷ್ಟರಲ್ಲಿ ಹೊರಗೆ ಸೌದೆ ಲಾರಿ ಹಾರ್ನ್ ಹೊಡೆಯಿತು. ಸೌದೆ ಇಳಿಸದೆ ಲಾರಿ ಓಣಿ ಬಿಡುವಂತಿರಲಿಲ್ಲ.

"ಅಪ್ಪ, ನಾನು ಬರೋವರೆಗೂ ಏನೂ ಮುಟ್ಟಬೇಡ."

"ನನಗ್ಯಾಕೆ? ನಿನ್ನ ಪುಸ್ತಕಕ್ಕೆ ಕೋಪ ಬಂದೀತು."

ಮಗ ಹೋದ ಮೇಲೆ ಸ್ಪಾಸ್ ಹಳೆಯ ಮೂರು ನಟ್ಟುಗಳನ್ನು ನೆಲದಿಂದ ಆರಿಸಿಕೊಂಡ. ಪೆಟ್ರೋಲಿನಲ್ಲಿ ತೊಳೆದು, ತಂತಿಯ ಬ್ರಷ್ಷಿನಲ್ಲಿ ಉಜ್ಜಿದ. ಹೊಳೆದವು. ಹೊಸ ಪ್ಯಾಕೆಟ್ಟನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ. ಕಾರಿನಡಿಯ ಕೆಸರನ್ನೂ ನೋಡಿದ. ಪ್ಯಾಕೆಟ್ಟು ಒಡೆಯಲಿಲ್ಲ. ಕರ್ಚೀಫಿನಲ್ಲಿ ಒರೆಸಿ ಅಂಗಿಯ ಜೇಬಿಗೆ ಹಾಕಿಕೊಂಡು, ಗುಂಡಿ ಹಾಕಿದ. ಆಮೇಲೆ ಮಂಡಿಯೂರಿ ಹಳೆಯ ನಟ್ಟುಗಳನ್ನು ಬೋಲ್ಟಿಗೆ ತಿರುವಿದ. ಬೆರಳಲ್ಲೇ ಕೊನೆಯವರೆಗೂ ಹೋದವು. ಮೇಲೆ ದಪ್ಪಗೆ ಗ್ರೀಸು ಬಳಿದ.

"ಏನ್ ಮಾಡ್ದೆ ಅಪ್ಪ?" ಕ್ರಾಸಿ ಮೈತುಂಬ ಮರದ ಹೊಟ್ಟು ಮಾಡಿಕೊಂಡು ಬಂದ.

"ಕೈಯಲ್ಲೇ ತಿರುವಿ ನಟ್ಟು ಹಾಕಿಟ್ಟಿದೀನಿ. ಆ ಟಿಕ್ ಅನ್ನೋ ಪಾನಾದಲ್ಲಿ ನೀನು ಬಿಗಿ ಮಾಡು."

"ಗ್ರೀಸ್ ಯಾಕೆ ಬಳಿದೆ? ಒಣಗಿರಬೇಕು ಅಂತ ಬರೆದಿದೆ!"

"ತುಕ್ಕು ಹಿಡಿಯಬಾರದು ಅಂತ ಬಳಿದೆ. ತಪ್ಪಾ?"

"ಮುಟ್ಟಬೇಡ ಅಂದ್ರೆ ಮುಟ್ಟಬೇಡ! ಒಂದು ಮಾತು ಕೇಳೋಕಾಗಲ್ವಾ ನಿನಗೆ?"

"ನಿನ್ನ ಅಪ್ಪ ಕಣೋ ನಾನು. ಆಳಲ್ಲ."

ಜಗಳವೆಲ್ಲ ಗ್ರೀಸಿನ ಮೇಲೆಯೇ ನಡೆಯಿತು. ಕ್ರಾಸಿ ಬೈಯುತ್ತಲೇ ಕೈಗೆ ಸಿಕ್ಕಷ್ಟು ಗ್ರೀಸು ಒರೆಸಿದ; ಉಳಿದ ಪದರದಡಿ ನಟ್ಟಿನ ಬಣ್ಣ ಕಾಣುತ್ತಿರಲಿಲ್ಲ. ಬಿಗಿತ ಅಳೆಯುವ ಪಾನಾವನ್ನು ಯಾರಿಂದಲೋ ಎರವಲು ತಂದಿದ್ದ. ಹಾಕಿ ಎಳೆದ. ಟಿಕ್ ಎಂದಿತು. ಅದರ ಮೇಲೆ ಕಾಲು ಸುತ್ತು. ಮೂರಕ್ಕೂ ಹಾಗೆಯೇ.

ರಾಡಾ ಪುಟಗಳನ್ನು ಹಿಡಿದು ಬಾಗಿಲಲ್ಲಿ ನಿಂತಿದ್ದಳು. "ಹೊಸ ನಟ್ಟು ತಾನೆ ತಾತ?"

"ಮತ್ತೇನು, ಹಳೇದು ಹಾಕ್ತೀನಾ?"

"ಪಾನಾ ಇಲ್ಲದೆ ಹೇಗೆ ಹಾಕ್ದೆ? ಕೈಯಲ್ಲಿ ತಿರುಗಲ್ಲ ಅಂತ ಇದೆ."

"ನನ್ನ ಬೆರಳು ನಿನ್ನ ಬೆರಳಲ್ಲ ಕಣೇ ಗುಬ್ಬಚ್ಚಿ. ಮೂವತ್ತು ವರ್ಷ ಕಬ್ಬಿಣ ತಿರುಗಿಸಿದ ಬೆರಳು." ಅವನು ಎರಡೂ ಕೈ ಎತ್ತಿ ತೋರಿಸಿದ. ರಾಡಾ ನಕ್ಕಳು. ಕಾರಿನಡಿಯಿಂದ ಕ್ರಾಸಿಯೂ ನಕ್ಕ.

ಸಂಜೆ ಸ್ಪಾಸ್ ಪ್ಯಾಕೆಟ್ಟನ್ನು ಹೆಂಡತಿಗೆ ಕೊಟ್ಟ. "ಒಳ್ಳೇ ಸಾಮಾನಿನ ಜೊತೆ ಇಡು. ಶೆಡ್ಡಲ್ಲಿಟ್ರೆ ಇವನು ಹಾಳು ಮಾಡ್ತಾನೆ."

"ಏನಿದು?"

"ನಟ್ಟು. ಹೊಸದು. ಮುಂದೆ ಬೇಕಾಗುತ್ತೆ."

ಒಳ್ಳೇ ಸಾಮಾನು ಮಲಗುವ ಕೋಣೆಯ ಬೀರುವಿನಲ್ಲಿತ್ತು. ಬೆಲೆಚೀಟಿ ಕೀಳದ ಟವೆಲ್ಲುಗಳು, ಮದುವೆಯಲ್ಲಿ ಬಂದ, ಒಮ್ಮೆಯೂ ಕಾಫಿ ಕಾಣದ ಆರು ಕಪ್ಪು, ಬಿಚ್ಚದ ಹೊದಿಕೆ. ಕೆಳಗೆ ಒಂದು ಚೀಲ. ಗಂಡ ಹೆಂಡಿರನ್ನು ಮಣ್ಣು ಮಾಡುವಾಗ ತೊಡಿಸಬೇಕಾದ ಬಟ್ಟೆ ಅದರಲ್ಲಿತ್ತು. ಅವಳ ನೀಲಿ ಲಂಗ, ಅವನ ಕಪ್ಪು ಸೂಟು, ನೆಲ ಮುಟ್ಟದ ಶೂ. ಡೋನ್ಕಾ ಪ್ಯಾಕೆಟ್ಟನ್ನು ಎಡಗಾಲಿನ ಶೂವಿನೊಳಗೆ ತುರುಕಿದಳು.

*

ಕಾರು ಪಾಸಾಯಿತು. ಕ್ರಾಸಿ ಕ್ಷೌರ ಮಾಡಿಸಿಕೊಂಡ. ವಿಹ್ರಾ ಆ ವಾರ ಹಂದಿಮಾಂಸ ತಂದಳು. ದೊಡ್ಡ ತುಂಡನ್ನು ಅವನ ತಟ್ಟೆಗೆ ಹಾಕಿದಳು. ಬಿಸೆರ್ಕಾ ಒಂದು ತಟ್ಟೆ ಬಾನಿತ್ಸಾ, ಚೀಸು ತುಂಬಿ ಬೇಯಿಸಿದ ಪದರ ರೊಟ್ಟಿ, ಹೊತ್ತು ತಂದು, "ಎಲ್ಲಿ ನಮ್ಮ ಎಂಜಿನಿಯರು?" ಎಂದು ಕೂಗುತ್ತಲೇ ಒಳಗೆ ಬಂದಳು. "ಕ್ರಾಸಿ, ನನ್ನ ಗಂಡನಿಗೂ ಒಂದು ಪುಸ್ತಕ ಹುಡುಕಿಕೊಡೋ. ಅವನು ಎಲ್ಲಿ ಕೆಟ್ಟಿದಾನೆ ಅಂತ ನೋಡಬೇಕು."

ಬೀದಿಯ ಇಬ್ಬರು ತಮ್ಮ ಕಾರಿಗೂ ಕೈಪಿಡಿ ಹುಡುಕಿಸಿದರು. ಒಬ್ಬನ ಕ್ಲಚ್ಚನ್ನು ಕ್ರಾಸಿಯೇ ಬಿಚ್ಚಿದ. ಶೆಡ್ಡಿನ ಮಾಡು ಎತ್ತರಿಸಬೇಕು, ಕಾರಿನಡಿ ನಿಂತು ಕೆಲಸ ಮಾಡಲು ಒಂದು ಗುಂಡಿ ತೋಡಿಸಬೇಕು ಎಂದು ಊಟದ ಹೊತ್ತಿಗೆ ಹೇಳತೊಡಗಿದ. ವಿಹ್ರಾ ಬೇಡವೆನ್ನಲಿಲ್ಲ.

ಮೇ ತಿಂಗಳು ಹತ್ತಿರ ಬಂದಾಗ ಅವಳೇ ಒಂದು ದಿನ ಊಟ ಮಾಡುತ್ತ ಹೇಳಿದಳು. "ಬಲಕ್ಕೆ ತಿರುಗಿಸಿದ್ರೆ ಟಕ್ ಅನ್ನುತ್ತೆ."

"ಎಲ್ಲಿ?" ಕ್ರಾಸಿ ತಲೆ ಎತ್ತಿದ.

"ಮುಂದೆ. ಬಿಸೆರ್ಕಾ ಕಾಲಡಿ."

"ಭಾನುವಾರ ಚಕ್ರ ಬಿಚ್ಚಿ ನಟ್ಟು ನೋಡ್ತೀನಿ."

ಸ್ಪಾಸ್ ಬ್ರೆಡ್ಡನ್ನು ಮೊಸರಲ್ಲಿ ಅದ್ದಿದ. "ಪುಸ್ತಕ ಓದಿ ಬಿಗಿ ಮಾಡ್ದೆ. ಟಿಕ್ ಅಂತು. ಈಗ ಪುಸ್ತಕದ ಮೇಲೂ ನಂಬಿಕೆ ಇಲ್ವೇನೋ?"

"ಮಾವ, ಸದ್ದು ಬರ್ತಿದೆ ಅಂದೆ."

"ಆ ರಸ್ತೆ ನೋಡಿದೀಯಾ ತಾಯಿ? ಅದರ ಮೇಲೆ ರೈಲು ಓಡಿಸಿದ್ರೂ ಟಕ್ ಅನ್ನುತ್ತೆ."

ರಾಡಾ ಕಿಸಕ್ಕೆಂದಳು. ಭಾನುವಾರ ಕ್ರಾಸಿ ಚಕ್ರ ಬಿಚ್ಚಲಿಲ್ಲ. ಜಾಕಿ ಕೊಟ್ಟು, ಎರಡೂ ಕೈಯಲ್ಲಿ ಚಕ್ರ ಹಿಡಿದು ಅಲ್ಲಾಡಿಸಿದ. ಅಲುಗಲಿಲ್ಲ. ಕ್ಲಚ್ಚಿನವನು ಕಾಯುತ್ತಿದ್ದ. ಕೈ ಒರೆಸಿಕೊಂಡು ಅಲ್ಲಿಗೆ ಹೋದ.

ಗುರುವಾರ, ಕಲ್ಲುಕ್ವಾರಿಯ ತಿರುವಿನಲ್ಲಿ ಬಲಚಕ್ರ ಕಾರಿನಡಿಗೆ ಮಡಚಿಕೊಂಡಿತು. ಕಾರು ರಸ್ತೆ ಬಿಟ್ಟು ಪಾಪ್ಲರ್ ಮರಕ್ಕೆ ಹೊಡೆಯಿತು. ಹಿಂದೆ ಕೂತರೆ ವಾಂತಿಯಾಗುತ್ತದೆಂದು ಬಿಸೆರ್ಕಾ ಯಾವಾಗಲೂ ಮುಂದೆಯೇ ಕೂರುತ್ತಿದ್ದಳು. ಆಂಬುಲೆನ್ಸ್ ಬರುವ ಮೊದಲೇ ಸತ್ತಳು. ವಿಹ್ರಾಳ ಬಲ ಮಂಡಿ ಪುಡಿಯಾಗಿತ್ತು, ಪಕ್ಕೆಲುಬು ಮುರಿದಿದ್ದವು. ರಾಡಾಗೆ ಆ ದಿನ ಜ್ವರ, ಶಾಲೆಗೆ ಹೋಗಿರಲಿಲ್ಲ.

*

ಬಿಸೆರ್ಕಾಳ ಸಾವಿನ ಸುದ್ದಿ ಅಚ್ಚಾದ ಕಾಗದವನ್ನು ಅವಳ ಮನೆಯ ಬಾಗಿಲಿಗೆ, ಅಂಗಡಿಗೆ, ಬಸ್ ನಿಲ್ದಾಣದ ತಗಡಿಗೆ ಅಂಟಿಸಿದರು. ಯಾರದೋ ಮದುವೆಯಲ್ಲಿ ತೆಗೆದ ಫೋಟೋ. ಅವಳು ನಗುತ್ತಿದ್ದಳು, ಪಕ್ಕದವರ ಭುಜ ಅರ್ಧಕ್ಕೆ ಕತ್ತರಿಸಿತ್ತು.

ಮಣ್ಣಿಗೆ ಹೊರಡುವಾಗ ಡೋನ್ಕಾ ಗಂಡನನ್ನು ಕೇಳಿದಳು. "ಸೂಟು ತೆಗೀಲಾ?"

"ಬೇಡ. ಅದು ನನ್ನದಕ್ಕೆ."

ಅವನು ಮೊಣಕೈಗೆ ತೇಪೆ ಹಾಕಿದ ಕಂದು ಕೋಟಿನಲ್ಲೇ ಹೋಗಿ ಬಂದ. ಸ್ಮಶಾನದ ಗೇಟಿನಲ್ಲಿ ಕ್ರಾಸಿ ಕೈ ಚಾಚಿದಾಗ ಬಿಸೆರ್ಕಾಳ ಗಂಡ ಅದನ್ನು ಮುಟ್ಟಲಿಲ್ಲ.

"ನಿನ್ನ ಪುಸ್ತಕದಲ್ಲಿ ಇದೂ ಬರೆದಿತ್ತೇನೋ?" ಎಂದ.

ವಿಹ್ರಾ ಊರುಗೋಲಿನ ಮೇಲೆ ಮನೆಗೆ ಮರಳಿ ಬರುವ ಹೊತ್ತಿಗೆ ಕಾರ್ಖಾನೆಯವರು ಅವಳ ಜಾಗಕ್ಕೆ ಬೇರೆಯವಳನ್ನು ತೆಗೆದುಕೊಂಡಿದ್ದರು. ಹೊಲಿಗೆ ಯಂತ್ರದ ಪೆಡಲ್ಲು ಒತ್ತುವುದು ಬಲಗಾಲಿನಲ್ಲಿ. ಆ ಕಾಲು ಇನ್ನು ಮಡಚುವುದಿಲ್ಲವೆಂದು ಡಾಕ್ಟರು ಹೇಳಿದ್ದರು. ಅಡುಗೆಮನೆಯ ಕಿಟಕಿಯ ಹತ್ತಿರ ಅವಳಿಗೆ ಮಂಚ ಹಾಕಿದರು. ಊಟ ಅಲ್ಲಿಗೇ ಕೊಡುತ್ತಿದ್ದರು. ಆಲೂಗಡ್ಡೆ, ಮತ್ತೆ ಆಲೂಗಡ್ಡೆ.

ತನಿಖಾಧಿಕಾರಿ ಕ್ರಾಸಿಯನ್ನು ಕರೆಸಿದ. ಅವನು ಸಂಜೆ ಬಂದು ಟೋಪಿ ಕೂಡ ತೆಗೆಯದೆ ಮೇಜಿನ ಮುಂದೆ ಕೂತ.

"ಮೂರು ನಟ್ಟಲ್ಲಿ ಎರಡು ಇಲ್ವೇ ಇಲ್ಲ. ಉದುರಿ ಹೋಗಿವೆ. ಉಳಿದ ಒಂದನ್ನ ಪರೀಕ್ಷೆಗೆ ಕಳಿಸಿದಾರೆ. ರಿಪೇರಿ ಯಾರು ಮಾಡಿದ್ದು ಅಂದ್ರು. ನಾನು ಅಂದೆ. ಸಹಿ ಹಾಕಿಸ್ಕೊಂಡ್ರು."

"ಏನಾಗುತ್ತಂತೆ?" ಡೋನ್ಕಾ ಕೇಳಿದಳು.

"ಜೈಲಾಗಬಹುದು ಅಂದ. ಸಾವಾಗಿದೆಯಲ್ಲ."

"ನಾನು ಸದ್ದು ಬರ್ತಿದೆ ಅಂದಿದ್ದೆ," ಎಂದಳು ವಿಹ್ರಾ ಮಂಚದಿಂದ.

"ಹೌದು. ಅಂದಿದ್ದೆ."

"ಅಂದಿದ್ದೆ! ಬಿಚ್ಚಿ ನೋಡ್ತೀನಿ ಅಂದೆ ನೀನು. ಬೇರೆಯೋರ ಕ್ಲಚ್ ಬಿಚ್ಚೋಕೆ ಹೋದೆ!"

"ಟಿಕ್ ಅಂತು ವಿಹ್ರಾ. ಮೂರೂ ಟಿಕ್ ಅಂದ್ವು. ಕಾಲು ಸುತ್ತು ಹೆಚ್ಚಿಗೆ ಕೊಟ್ಟೆ." ಅವನು ಮಗಳ ಕಡೆ ತಿರುಗಿದ. "ಕಾಲು ಸುತ್ತೇ ತಾನೆ? ಅರ್ಧ ಅಲ್ವಲ್ಲ?"

ರಾಡಾ ಎದ್ದು ಹೋದಳು. ನಿಘಂಟು ತಂದಳು. ತಂದೆ ಮಗಳು ಇಬ್ಬರೂ ಆ ಸಾಲಿನ ಮೇಲೆ ಬೆರಳಿಟ್ಟು ಪದ ಪದವಾಗಿ ಓದಿದರು. ಕಾಲು ಸುತ್ತು ಎಂದೇ ಇತ್ತು. ಮರುದಿನವೂ ಓದಿದರು. ಆಮೇಲೆ ರಾಡಾ ಒಬ್ಬಳೇ ಓದುತ್ತಿದ್ದಳು. ಶಾಲೆಗೆ ಹೋಗುವುದನ್ನು ಬಿಟ್ಟಳು.

"ನಾನು ಜೋರಾಗಿ ಓಡಿಸ್ತಿದ್ದೆ ಅಂತ ಹೇಳ್ತೀನಿ," ಎಂದಳು ವಿಹ್ರಾ ಒಂದು ಬೆಳಿಗ್ಗೆ. "ಓಡಿಸ್ತಿದ್ನೇನೋ. ನೆನಪಾಗ್ತಿಲ್ಲ."

"ಹುಚ್ಚು ಹುಚ್ಚಾಗಿ ಆಡಬೇಡ."

"ಇಬ್ಬರಲ್ಲಿ ಒಬ್ಬರಾದ್ರೂ ಮನೆಯಲ್ಲಿರಬೇಕಲ್ಲ. ಕುಂಟಿಗಿಂತ ನೀನಿದ್ರೆ ಪ್ರಯೋಜನ."

ಸ್ಪಾಸ್ ಈ ಮಾತುಗಳ ನಡುವೆ ಕೂತು ಉಣ್ಣುತ್ತಿದ್ದ. ಚುಚ್ಚುಮಾತು ನಿಂತಿತ್ತು. ಬಟ್ಟಲಲ್ಲಿ ಅರ್ಧ ಬಿಟ್ಟು ಏಳುತ್ತಿದ್ದ; ಆ ಮನೆಯಲ್ಲಿ ಯಾರೂ ಹಾಗೆ ಬಿಟ್ಟದ್ದಿಲ್ಲ. ಡೋನ್ಕಾ ಅದನ್ನು ಕೋಳಿಗಳಿಗೆ ಸುರಿಯುವಾಗ ಅವನು ಹಿತ್ತಲಲ್ಲೇ ನಿಂತಿದ್ದ.

"ಆ ಪೊಟ್ಟಣ ಏನು ಮಾಡ್ಲಿ?" ಎಂದಳು.

"ಯಾವ ಪೊಟ್ಟಣ?"

"ಶೂವಿನೊಳಗೆ ಇರೋದು."

"ಇರಲಿ ಬಿಡು."

"ಸ್ಪಾಸ್."

"ಇರಲಿ ಬಿಡು ಅಂದೆನಲ್ಲ."

"ಮಗನ್ನ ಒಳಗೆ ಹಾಕ್ತಾರೆ."

"ಪರೀಕ್ಷೆಯಲ್ಲಿ ಏನೂ ಸಿಗಲ್ಲ. ಸಿಕ್ಕಿದ್ರೆ ಆಗ ನೋಡೋಣ."

ಡೋನ್ಕಾ ಬಟ್ಟಲನ್ನು ಬೆರಳಿಂದ ಬಳಿದು, ಕೊನೆಯ ತುಣುಕನ್ನೂ ಕೋಳಿಗೆ ಕೊಟ್ಟು ಒಳಗೆ ಹೋದಳು. ನಲವತ್ತು ವರ್ಷದಿಂದ ಅವನು ಇಡು ಎಂದದ್ದನ್ನು ಇಟ್ಟಿದ್ದಳು, ಬಿಡು ಎಂದದ್ದನ್ನು ಬಿಟ್ಟಿದ್ದಳು.

*

ಬಿಸೆರ್ಕಾ ಸತ್ತ ನಲವತ್ತನೇ ದಿನ ಅವಳ ಮನೆಯವರು ಅವಳ ಹೆಸರಲ್ಲಿ ಸಕ್ಕರೆ ಹಾಕಿ ಬೇಯಿಸಿದ ಗೋಧಿಯನ್ನು ಬೀದಿಯುದ್ದಕ್ಕೂ ಹಂಚಿದರು. ಎಡಗಡೆ ಮನೆಗೆ ಬಂತು, ಬಲಗಡೆ ಮನೆಗೆ ಬಂತು. ಇವರ ಬಾಗಿಲು ತಟ್ಟಲಿಲ್ಲ. ಡೋನ್ಕಾ ಬೆಳಿಗ್ಗೆಯೇ ಒಂದು ಬಟ್ಟಲು ತೊಳೆದು ಕಾದಿದ್ದಳು. ಸಂಜೆ ಅದನ್ನು ಒರೆಸಿ ಒಳಗಿಟ್ಟಳು.

ರಾತ್ರಿಯೂಟಕ್ಕೆ ಮತ್ತೆ ಬೀನ್ಸ್ ಕಾಳಿನ ಸಾರು. ರಾಡಾ ಬಟ್ಟಲಿನ ಪಕ್ಕದಲ್ಲೇ ಪುಟಗಳನ್ನಿಟ್ಟುಕೊಂಡು ಕೂತಿದ್ದಳು.

"ಅದನ್ನ ಎತ್ತಿಡು," ಎಂದ ಕ್ರಾಸಿ. "ಸಾಕು."

"ಅಪ್ಪ, ಇಷ್ಟು ದಿನ ನಾವು ಬಿಗಿ ಮಾಡೋ ಸಾಲನ್ನೇ ಓದಿದ್ವಿ. ಅದರ ಹಿಂದಿನದು ಓದಲಿಲ್ಲ."

"ಏನಿದೆ ಹಿಂದೆ?"

"ಹೊಸ ನಟ್ಟು ಕೈಯಲ್ಲಿ ತಿರುಗಲ್ಲ ಅಂತ." ಅವಳು ತಾತನನ್ನು ನೋಡಿದಳು. "ನೀನು ಅವತ್ತು ಕೈಯಲ್ಲಿ ತಿರುಗಿಸಿದೆ ತಾತ."

ಸ್ಪಾಸ್ ಬ್ರೆಡ್ಡು ಮುರಿಯುತ್ತಿದ್ದ. "ಹೇಳಿದ್ನಲ್ಲ, ನನ್ನ ಬೆರಳು..."

"ಬೆರಳು ಎಂಥದ್ದಾದ್ರೂ ತಿರುಗಲ್ಲ."

"ರಾಡಾ," ಎಂದ ಕ್ರಾಸಿ. ಆಮೇಲೆ ಅವನೇ ಚಮಚ ಕೆಳಗಿಟ್ಟ. "ಅಪ್ಪ. ಪ್ಯಾಕೆಟ್ ಎಲ್ಲಿ?"

"ಯಾವ ಪ್ಯಾಕೆಟ್ಟು?"

"ನಟ್ಟು ಬಂದಿದ್ದು. ಖಾಲಿ ಪ್ಯಾಕೆಟ್ ನಾನು ಶೆಡ್ಡಲ್ಲಿ ನೋಡಲೇ ಇಲ್ಲ. ನೀನು ಖಾಲಿ ಪ್ಯಾಕೆಟ್ ಕೂಡ ಎಸೆಯೋನಲ್ಲ."

"ಒಲೆಗೆ ಹಾಕಿರಬೇಕು."

"ಯಾವತ್ತು ಪ್ಲಾಸ್ಟಿಕ್ ಒಲೆಗೆ ಹಾಕಿದೀಯ ನೀನು? ತೊಳೆದು ಒಣಗಿಸಿ ಇಡ್ತೀಯ!"

ಡೋನ್ಕಾ ಎದ್ದಳು. ಮಲಗುವ ಕೋಣೆಯಲ್ಲಿ ಬೀರುವಿನ ಬಾಗಿಲು ಕಿರ್ರೆಂದಿತು. ಬಂದು, ಪ್ಯಾಕೆಟ್ಟನ್ನು ಬ್ರೆಡ್ಡಿನ ಪಕ್ಕದಲ್ಲಿಟ್ಟು, ತನ್ನ ಜಾಗದಲ್ಲಿ ಕೂತಳು. ಅಂಟು ಬಿಚ್ಚಿರಲಿಲ್ಲ. ಒಳಗೆ ಮೂರೂ ಇದ್ದವು.

ಕ್ರಾಸಿ ಅದನ್ನು ತೆಗೆದುಕೊಂಡು, ಒಂದು ಮೂಲೆ ಹಿಡಿದು, ದೀಪದ ಕಡೆ ಎತ್ತಿದ. ಅಪ್ಪ ಅವತ್ತು ಹಿಡಿದಿದ್ದ ಹಾಗೆಯೇ. "ಯಾಕಪ್ಪ?"

"ಹಳೇದು ಚೆನ್ನಾಗಿತ್ತು."

"ಯಾಕೆ ಅಂದೆ."

"ಚೆನ್ನಾಗಿತ್ತು ಅಂದ್ನಲ್ಲ! ತೊಳೆದು ನೋಡ್ದೆ. ಇದು ಹೊಸದು, ಆ ಕೆಸರಲ್ಲಿ ಹಾಳಾಗ್ತಿತ್ತು..."

"ನಾನು ಸದ್ದು ಬರ್ತಿದೆ ಅಂದೆ," ಎಂದಳು ವಿಹ್ರಾ. ದನಿ ಏರಿರಲಿಲ್ಲ. "ನೀವು ರೈಲು ಅಂದ್ರಿ."

ರಾಡಾ ಮುಖ ಮುಚ್ಚಿಕೊಂಡಳು. ಕ್ರಾಸಿ ಪ್ಯಾಕೆಟ್ಟನ್ನು ಜೇಬಿಗೆ ಹಾಕಿಕೊಂಡ.

"ಹೊರಗೆ ಯಾರೂ ಬಾಯಿ ಬಿಡಬೇಡಿ," ಎಂದ. "ಹಳೇ ನಟ್ಟು ನಾನೇ ಹಾಕ್ದೆ ಅಂತೀನಿ. ಹೇಗೂ ಸಹಿ ನನ್ನದೇ ಇದೆ. ಈ ವಯಸ್ಸಲ್ಲಿ ಅವನನ್ನ ಎಲ್ಲಿಗೆ ಕಳಿಸ್ತೀರಿ?"

"ಅಂತೀಯಾ?" ವಿಹ್ರಾ ಊರುಗೋಲಿಗೆ ಕೈ ಹಾಕಿದಳು. "ಹಾಗಂದ ದಿನ ನಾನೂ ರಾಡಾನೂ ನನ್ನ ತಾಯಿ ಮನೆಗೆ. ಬಿಸೆರ್ಕಾ ನನ್ನ ಪಕ್ಕ ಕೂತಿದ್ಲು ಕ್ರಾಸಿ. ಬಾಯಿ ತೆರೆದೇ ಇತ್ತು, ಏನೋ ಹೇಳ್ತಾ ಇದ್ಲು. ನಿಮ್ಮಪ್ಪ ಎದುರಿಗೆ ಕೂತು ನಾವು ಒಬ್ಬೊಬ್ಬರೂ ನಾನೇ ಕೊಂದೆ, ನಾನೇ ಕೊಂದೆ ಅನ್ನೋದನ್ನ ಕೇಳ್ತಾ ಸಾರು ಕುಡಿದ್ರು. ಈ ಮಗು ಶಾಲೆ ಬಿಡ್ತು. ಕುಡಿದ್ರು."

ಅವಳು ಎದ್ದು, ಊರುಗೋಲನ್ನು ನೆಲಕ್ಕೆ ಬಡಿಯುತ್ತ ಕೋಣೆಗೆ ಹೋದಳು. ಯಾರೂ ಹಿಡಿದುಕೊಳ್ಳಲು ಹೋಗಲಿಲ್ಲ. ಕಪ್ಪೊಂದು ಒಡೆದ ಸದ್ದಾಯಿತು. ಕುತ್ತಿಗೆಗೆ ಕಪ್ಪು ಸೂಟು ಹಾಕಿಕೊಂಡು, ಬೆರಳಲ್ಲಿ ಶೂ ನೇತಾಡಿಸಿಕೊಂಡು ಬಂದು, ಎಲ್ಲವನ್ನೂ ಮಾವನ ಕುರ್ಚಿಯ ಬೆನ್ನಿಗೆ ಎಸೆದಳು.

"ನಾಳೆ ಇದನ್ನ ಹಾಕ್ಕೊಂಡು ವ್ರಾತ್ಸಾಗೆ ಹೋಗಿ ಮಾವ. ಹೋಗಿ ಆ ತನಿಖಾಧಿಕಾರಿಗೆ ಹೇಳಿ."

"ಅದು ಅವನನ್ನ ಮಣ್ಣಿಗೆ ಹಾಕೋವಾಗ ತೊಡಿಸೋದು ಕಣಮ್ಮ," ಎಂದಳು ಡೋನ್ಕಾ.

"ಗೊತ್ತು ಅತ್ತೆ."

"ಹೋಗ್ತೀನಿ," ಎಂದ ಸ್ಪಾಸ್. "ಕಂದು ಕೋಟು ಸಾಕು."

"ಸಾಕಾಗಲ್ಲ."

ಶೂವೊಂದು ಕುರ್ಚಿಯಿಂದ ಜಾರಿ ಕೆಳಗೆ ಬಿತ್ತು. ಅವನು ಬಗ್ಗಿ ಎತ್ತಿಕೊಂಡು, ಅಂಗೈಯಲ್ಲಿ ಧೂಳು ಒರೆಸಿದ.

*

ಬೆಳಿಗ್ಗೆ ಕ್ರಾಸಿ ಜೊತೆಗೆ ಬರುತ್ತೇನೆಂದ. ಸ್ಪಾಸ್ ಬೇಡವೆಂದು ಕೈ ಚಾಚಿದ. ಕ್ರಾಸಿ ಜೇಬಿನಿಂದ ಪ್ಯಾಕೆಟ್ಟು ತೆಗೆದು ಕೊಟ್ಟ.

ಸೂಟು ಹೊಲಿಸಿದಾಗ ಸ್ಪಾಸನ ಮೈ ತುಂಬಿತ್ತು. ಈಗ ಭುಜ ಎರಡೂ ಕಡೆ ಜೋತಿತ್ತು, ತೋಳು ಬೆರಳವರೆಗೆ ಬಂದಿತ್ತು. ನುಸಿಗುಳಿಗೆಯ ವಾಸನೆ. ಹೊಸ ಶೂ ಮನೆಯಿಂದ ಬಸ್ ನಿಲ್ದಾಣದಷ್ಟರೊಳಗೆ ಹಿಮ್ಮಡಿ ಕಿತ್ತಿತು. ತಗಡಿನ ಮೇಲೆ ಬಿಸೆರ್ಕಾಳ ಹಳೆಯ ಕಾಗದದ ಪಕ್ಕ ನಲವತ್ತನೇ ದಿನದ ಹೊಸ ಕಾಗದ ಅಂಟಿತ್ತು. ಅದೇ ಫೋಟೋ.

ಹಾಲಿನ ಕ್ಯಾನು ಹಿಡಿದು ಹೊರಟಿದ್ದ ಪಕ್ಕದ ಮನೆಯ ಮುದುಕಿ ಅವನನ್ನು ಮೇಲಿನಿಂದ ಕೆಳಗೆ ನೋಡಿದಳು. "ಯಾರು ಹೋದ್ರು ಸ್ಪಾಸ್?"

ಅವನು ಕಾಗದದ ಕಡೆ ತಲೆ ಆಡಿಸಿದ.

"ಬಿಸೆರ್ಕಾನಾ? ಅವಳದ್ದು ಆಗಿ ಎಷ್ಟು ದಿನ ಆಯ್ತು. ಅವತ್ತು ತೇಪೆ ಕೋಟಲ್ಲಿ ಬಂದಿದ್ದೆ, ಇವತ್ತು ಸೂಟಾ?"

ಬಸ್ಸು ಬಂತು. ಅವನು ಕಂಬಿ ಹಿಡಿದು ಹತ್ತಿದ. ಡ್ರೈವರು ಟಿಕೆಟ್ಟಿನ ಕಟ್ಟು ತೆಗೆದು, ಇವನ ಅಭ್ಯಾಸ ಗೊತ್ತಿದ್ದವನು, ಕೇಳದೆಯೇ ಹೋಗಿಬರುವ ಟಿಕೆಟ್ಟು ಹರಿಯಲು ಹೊರಟ.

"ಅದಲ್ಲ," ಎಂದ ಸ್ಪಾಸ್. "ಹೋಗೋದಕ್ಕೆ ಮಾತ್ರ."

"ಎರಡೂ ಸೇರಿಸಿ ತಗೊಂಡ್ರೆ ಉಳಿಯುತ್ತೆ ತಾತ. ನೀನೇ ಎಲ್ಲರಿಗೂ ಹೇಳ್ತಿದ್ಯಲ್ಲ."

"ಗೊತ್ತು," ಎಂದ ಅವನು. "ಹೋಗೋದಕ್ಕೆ ಮಾತ್ರ ಕೊಡು."